ಗೇರ್‌ಬಾಕ್ಸ್ ಇಳಿಸುವ ಮುಂಚೆ

ಲಾರಿಯ ಕೆಳಗೆ ಮಲಗಿದವನಿಗೆ ಲೋಕದ ಜನ ಮೊಣಕಾಲಿನವರೆಗೆ ಮಾತ್ರ ಕಾಣುತ್ತಾರೆ. ಮೇಸ್ತ್ರಿಗೆ ಅಷ್ಟು ಸಾಕಾಗಿತ್ತು. ಮೂವತ್ತೊಂದು ವರ್ಷ ಹೀಗೆ ಅಂಗಾತ ಬಿದ್ದುಕೊಂಡು ಕಾಲುಗಳನ್ನೇ ನೋಡಿ ನೋಡಿ, ಮುಖ ಎಂಬುದು ಮನುಷ್ಯ ಸುಳ್ಳು ಹೇಳಲು ಇಟ್ಟುಕೊಂಡ ಜಾಗ, ನಿಜವೆಲ್ಲ ಪಾದದಲ್ಲಿದೆ ಎಂಬ ತೀರ್ಮಾನಕ್ಕೆ ಬಂದಿದ್ದ. ಯಜಮಾನರ ಬೂಟು ಮೇಲಿನಿಂದ ಕನ್ನಡಿ, ಹಿಮ್ಮಡಿ ಮಾತ್ರ ಒಂದೇ ಪಕ್ಕಕ್ಕೆ ಸವೆದದ್ದು. ಮನುಷ್ಯ ಯಾವುದರ ಮೇಲೂ ಪೂರ್ತಿ ಭಾರ ಹಾಕಿ ನಿಲ್ಲುವವನಲ್ಲ. ಬೆಸುಗೆಯವನು ಲೇಸು ಕಟ್ಟುವುದಿಲ್ಲ. ಕೆಲಸ ಬಿಟ್ಟು ಓಡುವುದಕ್ಕೆ ಸದಾ ತಯಾರು. ಈಗ ಮುಂದಿನ ಚಕ್ರದ ಪಕ್ಕ ನಿಂತಿದ್ದ ಪಾದಗಳು ಇವೆಲ್ಲಕ್ಕಿಂತ ಕನಿಷ್ಠವಾದವು. ಚಪ್ಪಲಿಯ ಬಾರು ಕಿತ್ತು ಎಷ್ಟೋ ತಿಂಗಳಾಗಿ ತಂತಿಯಲ್ಲಿ ಹೊಲಿಗೆ ಬಿದ್ದಿತ್ತು. ಎಡಗಾಲು ಬಲಗಾಲಿನ ಮೇಲೆ ಹತ್ತಿ ಸುಮ್ಮನೆ ತಿಕ್ಕುತ್ತಿತ್ತು, ಪಾಠ ಬಾರದ ಹುಡುಗ ಬೆಂಚಿನ ಮೇಲೆ ನಿಂತ ಹಾಗೆ. ಇವು ಅವನ ಹೆಂಡತಿಯ ತಮ್ಮನ ಪಾದಗಳು. ಈ ಪಾದಗಳ ಕೈಗೆ, ಅಂದರೆ ಈ ಪಾದಗಳ ಮೇಲಿದ್ದ ಮನುಷ್ಯನ ಕೈಗೆ, ಹತ್ತು ಚಕ್ರದ ಲಾರಿ ಕೊಟ್ಟವರಿಗೆ ಬುದ್ಧಿ ಇಲ್ಲ ಎಂದು ಮೇಸ್ತ್ರಿ ಯೋಚಿಸಿದ. ಕೊಡಿಸಿದವನು ತಾನೇ ಎಂಬುದು ನೆನಪಾಗಿ ಇನ್ನೂ ಸಿಟ್ಟು ಬಂತು.

‘ಪಾನ ಕೊಡೋ.’

‘ಯಾವ ನಂಬರ್ದು ಭಾವ?’

‘ನಿನ್ನ ಮುಖಕ್ಕೆ ಯಾವ್ದು ಹೊಂದುತ್ತೋ ಅದು.’

ಮೇಲಿನವನು ನಕ್ಕ. ಅದೇ ಸಹಿಸಲಾಗದ್ದು. ಬೈದರೆ ತಿರುಗಿ ಬೈಯಬೇಕು, ಇಲ್ಲ ಮುಖ ಊದಿಸಿಕೊಂಡು ಹೋಗಬೇಕು. ಈ ಪ್ರಾಣಿ ನಗುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿಯ ತವರಿಗೆ ಹೋದಾಗ, ಆಗ ಇವನಿಗೆ ಹನ್ನೆರಡೋ ಹದಿಮೂರೋ, ಭಾವನ ಚಪ್ಪಲಿ ಒರೆಸಿ ಬಾಗಿಲ ಪಕ್ಕ ಜೋಡಿಸಿಟ್ಟು ಇದೇ ನಗೆ ನಕ್ಕಿದ್ದ. ಅವತ್ತೇ ಮೇಸ್ತ್ರಿಗೆ ಅನಿಸಿತ್ತು, ಇವನು ಉದ್ಧಾರವಾಗುವ ಪೈಕಿಯಲ್ಲ. ಚಾಚಿದ ಕೈಗೆ ಬೋಲ್ಟಿಗೆ ಸರಿಯಾಗಿ ಹಿಡಿಯುವ ಪಾನವೇ ಬಂತು. ಅದಕ್ಕೂ ಸಿಟ್ಟು ಬಂತು.

ನಿನ್ನೆ ಆಗಿದ್ದು ಇಷ್ಟೆ. ಕಲ್ಲುಗಣಿಯಿಂದ ಜಲ್ಲಿ ತುಂಬಿಕೊಂಡು ಏರು ಹತ್ತುವಾಗ ಲಾರಿಯ ಮೂರನೇ ಗೇರು ತಾನಾಗಿಯೇ ಹಾರಿ ನ್ಯೂಟ್ರಲ್ಲಿಗೆ ಬೀಳುತ್ತದೆ ಎಂದು ಭಾವಮೈದ ಶೆಡ್ಡಿಗೆ ತಂದು ನಿಲ್ಲಿಸಿದ್ದ. ಯಜಮಾನರಿದ್ದರು, ಬೆಸುಗೆಯವನಿದ್ದ, ಬೇರೆ ಲಾರಿಗಳ ಮೂವರು ಡ್ರೈವರುಗಳಿದ್ದರು. ಮೇಸ್ತ್ರಿಯ ಕೈಯಲ್ಲಿ ಟೀ ಇತ್ತು. ಲಾರಿಯ ಕೆಳಗೆ ಹೋಗುವುದಿರಲಿ, ಅದರ ಕಡೆ ಎರಡು ಹೆಜ್ಜೆ ಕೂಡ ಇಡದೆ ಹೇಳಿದ್ದ: ‘ಬಾಕ್ಸ್ ಹೋಗಿದೆ. ಮೂರನೇ ಗೇರಿನ ಹಲ್ಲು ತಿಂದಿದ್ದಾನೆ ಮಹಾನುಭಾವ. ಇಳಿಸಬೇಕು.’

‘ಬಾಕ್ಸ್ ಅಲ್ಲ ಅನ್ಸುತ್ತೆ ಭಾವ,’ ಎಂದಿದ್ದ ಇವನು, ಅಷ್ಟು ಜನರ ಮುಂದೆ. ‘ಗೇರು ಹಾರೋದಕ್ಕೆ ಮುಂಚೆ ನನ್ನ ಕಾಲಡಿ ಏನೋ ಎದ್ದು ಕೂತ ಹಾಗಾಗುತ್ತೆ.’

‘ನಿನ್ನ ನಿದ್ದೆ ಎದ್ದು ಕೂತಿರ್ಬೇಕು. ಪುಣ್ಯ, ಅಷ್ಟಾದ್ರೂ ಎದ್ದಿತಲ್ಲ.’

ಎಲ್ಲರೂ ನಕ್ಕಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಬೆಸುಗೆಯವನು ಒಗ್ಗರಣೆ ಹಾಕಿದ್ದ. ಯಜಮಾನರು ಮಾತ್ರ ನಕ್ಕಿರಲಿಲ್ಲ. ‘ನಾಳೆ ಸಂಜೆಯೊಳಗೆ ಇಳಿಸಿ ಮೇಸ್ತ್ರಿ. ಹಲ್ಲು ನನಗೆ ಕಣ್ಣಾರೆ ತೋರಿಸಿ. ಸವೆದಿದ್ರೆ ಇವನು ನಾಡಿದ್ದಿಂದ ಬರೋದು ಬೇಡ. ನಿಮ್ಮ ಕಡೆಯವನು ಅಂತ ಇಷ್ಟು ದಿನ ನೋಡ್ದೆ,’ ಎಂದು ಹೋಗಿಬಿಟ್ಟಿದ್ದರು. ನಿಮ್ಮ ಕಡೆಯವನು ಎಂಬ ಮಾತು ಮೇಸ್ತ್ರಿಯ ಬೆನ್ನಿಗೆ ಅಂಟಿನ ಹಾಗೆ ಹತ್ತಿಕೊಂಡಿತ್ತು. ಇವನು ನನ್ನ ಕಡೆಯವನಲ್ಲ, ಅವಳ ಕಡೆಯವನು ಎಂದು ಕೂಗಿ ಹೇಳಬೇಕೆನಿಸಿತ್ತು.

ಮನೆಯಲ್ಲಿ ಹೆಂಡತಿ ಏನೂ ಕೇಳಲಿಲ್ಲ. ಸುದ್ದಿ ಮುಟ್ಟಿದೆ ಎಂದು ಮಾತ್ರ ಗೊತ್ತಾಯಿತು, ಏಕೆಂದರೆ ಬೆಳಿಗ್ಗೆ ಅವನ ಬನಿಯನ್ನನ್ನು ಎರಡು ಸಲ ಮಡಿಸಿ ಎರಡು ಸಲವೂ ಬಿಡಿಸಿದಳು. ಕೈಗೆ ಕೆಲಸವಿಲ್ಲದೆ ಇದ್ದವಳಲ್ಲ ಅವಳು. ಮನಸ್ಸು ಎಲ್ಲೋ ಇದ್ದಾಗ ಮಾತ್ರ ಆದ ಕೆಲಸವನ್ನೇ ಮತ್ತೆ ಮಾಡುತ್ತಾಳೆ. ಊಟದ ಡಬ್ಬಿ ಎರಡು ಕಟ್ಟಿ ಮೇಜಿನ ಮೇಲಿಟ್ಟಳು. ‘ಒಂದು ಅವನಿಗೆ ರೀ. ಅವನ ಹೆಂಡತಿಗೆ ಹುಷಾರಿಲ್ವಂತೆ.’ ಅಷ್ಟೇ. ಭಾವಮೈದನ ಸಣ್ಣ ಹುಡುಗಿ ಈ ವರ್ಷ ಶಾಲೆಗೆ ಸೇರಿದೆ. ಇನ್ನೊಂದು ವರ್ಷಕ್ಕೂ ಆಗಲಿ ಎಂದು ಒಂದು ಅಳತೆ ದೊಡ್ಡ ಬೂಟು ತೆಗೆಸಿಕೊಟ್ಟಿದ್ದಾರೆ. ನಡೆದರೆ ಟಪ ಟಪ ಎನ್ನುತ್ತದೆ. ಹೋದ ಭಾನುವಾರ ಬಂದು ‘ಮಾವ, ನನ್ನ ಬೂಟಿಗೆ ಬ್ರೇಕ್ ಇಲ್ಲ’ ಎಂದಿತ್ತು. ಎರಡು ಡಬ್ಬಿಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬರುವಾಗ ಅವು ದಾರಿಯುದ್ದಕ್ಕೂ ಒಂದಕ್ಕೊಂದು ಬಡಿದು ಸದ್ದು ಮಾಡಿದವು. ಹೆಂಗಸರು ಬಾಯಿಬಿಟ್ಟು ಕೇಳುವುದೇ ವಾಸಿ, ಹೀಗೆ ಡಬ್ಬಿ ಕಟ್ಟಿ ಕೇಳಬಾರದು ಎಂದುಕೊಂಡ.

ಇನ್ನೊಂದು ವಿಷಯವಿತ್ತು, ಅದು ಸ್ನಾನ ಮಾಡುವಾಗ ತಲೆಯ ಮೇಲೆ ನೀರು ಹೊಯ್ದುಕೊಳ್ಳುವ ಹೊತ್ತಿನಲ್ಲಿ ಬಂದು ನಿಂತಿತ್ತು. ನಿನ್ನೆ ಲಾರಿ ಶೆಡ್ಡಿನೊಳಗೆ ಬರುವಾಗ ಬಾಕ್ಸು ಗುರುಗುಟ್ಟಿರಲಿಲ್ಲ. ಹಲ್ಲು ಹೋದ ಬಾಕ್ಸು ಮುದುಕನ ಹಾಗೆ ಗೊಣಗುತ್ತದೆ; ಅದನ್ನು ಕೇಳಲು ಕಿವಿ ಕೂಡ ಬೇಡ, ಪಕ್ಕದಲ್ಲಿ ನಿಂತವನ ಹಲ್ಲಿಗೆ ಗೊತ್ತಾಗುತ್ತದೆ. ಇದು ಮೌನವಾಗಿ ಬಂದಿತ್ತು. ‘ಇಳಿಸುವ ಮುಂಚೆ ಐದು ಬೆರಳು’ ಎಂದು ಈ ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿಕೊಟ್ಟವನು ಅವನೇ. ಎಣ್ಣೆ ನೋಡು, ಗೇರು ರಾಡು ನೋಡು, ಕ್ಲಚ್ಚು ನೋಡು, ಬಾಕ್ಸು ಕೂರಿಸಿದ ರಬ್ಬರು ನೋಡು, ಶಾಫ್ಟಿನ ಕೀಲು ನೋಡು. ಐದೂ ಬೆರಳು ಮಡಿಸಿದ ಮೇಲೆ ಮುಷ್ಟಿಯಾಗುತ್ತದೆ, ಆಗ ಜಾಕು ತಾ. ಅವಸರ ಮಾಡಿದವರಿಗೆ ‘ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ನಂತೆ’ ಎಂದು ನಾಲ್ಕು ಜನರ ಮುಂದೆ ಮಾನ ಕಳೆಯುತ್ತಿದ್ದ. ನಿನ್ನೆ ತಾನೇ ಒಂದು ಬೆರಳೂ ಮಡಿಸದೆ ಎತ್ತನ್ನು ಕೊಟ್ಟಿಗೆಗೆ ಕಟ್ಟಿಸಿದ್ದ. ಯಾಕೆ? ಆ ಮುಠ್ಠಾಳ ಬಾಕ್ಸ್ ಅಲ್ಲ ಎಂದ, ಅದಕ್ಕೆ. ಅವನು ಬೆಳಗಾಯಿತು ಎಂದರೂ ಇಲ್ಲ ಎನ್ನಬೇಕೆನಿಸುತ್ತದೆ.

ಆದ್ದರಿಂದ ಇವತ್ತು, ಎಲ್ಲರೂ ಅವನು ಬಾಕ್ಸು ಇಳಿಸುತ್ತಿದ್ದಾನೆ ಎಂದುಕೊಂಡಿರುವಾಗ, ಮೇಸ್ತ್ರಿ ಕದ್ದು ಬೆರಳು ಮಡಿಸುತ್ತಿದ್ದ. ಹೇಗೂ ಎಣ್ಣೆ ಇಳಿಸಬೇಕಲ್ಲ. ಬಾಕ್ಸಿನ ತಳದ ಬಿರಡೆ ಬಿಚ್ಚಿದ. ಬಿರಡೆಯ ತುದಿಗೆ ಅಯಸ್ಕಾಂತ ಇರುತ್ತದೆ. ಒಳಗೆ ಹಲ್ಲು ಒಡೆದರೆ ಅದರ ಚೂರೆಲ್ಲ ಅಲ್ಲಿ ಹಿಡಿದಿರುತ್ತದೆ, ಸೂಜಿಯಂತೆ, ಉಗುರಿನಂತೆ. ಎಣ್ಣೆ ದಪ್ಪ ದಾರವಾಗಿ ತೊಟ್ಟಿಗೆ ಇಳಿಯಿತು. ಬಿರಡೆಯನ್ನು ಬೆಳಕಿಗೆ ಹಿಡಿದ. ತುದಿಯಲ್ಲಿ ನುಣ್ಣನೆಯ ಕಪ್ಪು ಮಸಿ ಮಾತ್ರ, ಕಣ್ಣಿಗೆ ಹಚ್ಚಬಹುದಾದಷ್ಟು ನುಣುಪು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿದ. ಒಂದು ಕಣವೂ ಚುಚ್ಚಲಿಲ್ಲ. ಇನ್ನೊಮ್ಮೆ ತಿಕ್ಕಿದ, ಚುಚ್ಚಲಿ ಎಂದು. ಒಳ್ಳೆಯ ಸುದ್ದಿ ಇಷ್ಟು ಅಸಹ್ಯವಾಗಿರಬಲ್ಲದು ಎಂದು ಅವನಿಗೆ ಗೊತ್ತಿರಲಿಲ್ಲ.

‘ಏನಾದ್ರೂ ಚೂರು ಇದೆಯಾ ಭಾವ?’

‘ನಿನ್ನ ಮಿದುಳು ಹುಡುಕ್ತಿದ್ದೀನಿ. ಸಣ್ಣದು, ಸಿಗ್ತಿಲ್ಲ.’

ಗೇರು ರಾಡಿನ ಕೊಂಡಿ ಕಳಚಿದ. ಕ್ಯಾಬಿನ್ನಿನಲ್ಲಿ ಡ್ರೈವರು ಲಿವರನ್ನು ಆಡಿಸಿದರೆ ಬಾಕ್ಸಿಗೆ ಆ ಮಾತು ಮುಟ್ಟಿಸುವುದು ಈ ರಾಡೇ. ಅದನ್ನು ಬಿಟ್ಟು ಬಾಕ್ಸಿನ ಮೇಲಿನ ತೋಳನ್ನೇ ಕೈಯಲ್ಲಿ ಹಿಡಿದು ಮೂರನೇ ಗೇರಿಗೆ ತಳ್ಳಿದ. ಕಟ್ ಎಂದು ಪೂರ್ತಿ ಕೂತಿತು. ಎಳೆದ, ಅಲ್ಲಾಡಿಸಿದ, ಚೆನ್ನಾಗಿ ಬೆಳೆಸಿದ ಮಗುವಿನ ಹಾಗೆ ಕೂರಿಸಿದಲ್ಲೇ ಕೂತಿತ್ತು. ಎರಡು ಬೆರಳು ಮಡಿಸಿದಂತಾಯಿತು. ಕೊಂಡಿಯನ್ನು ಮತ್ತೆ ಹಾಕಿ ಹೊರಗೆ ಬಂದು, ಬೆನ್ನಿಗೆ ಹತ್ತಿದ ಮಣ್ಣು ಕೊಡವದೆ, ಕ್ಲಚ್ಚು ನೋಡಲು ಕ್ಯಾಬಿನ್ನಿಗೆ ಹತ್ತಿದ. ಸೀಟಿನ ಕಾಲಿಗೆ ಹಳೆ ಟ್ಯೂಬಿನ ಪಟ್ಟಿಯೊಂದು ಗಂಟು ಹಾಕಿ ನೇತಾಡುತ್ತಿತ್ತು. ಅದರ ಇನ್ನೊಂದು ತುದಿಯಲ್ಲಿ ಕುಣಿಕೆ.

‘ಇದೇನಿದು?’

ಭಾವಮೈದ ನಾಚಿಕೊಂಡ. ‘ಏರು ಬಂದಾಗ ಲಿವರಿಗೆ ಹಾಕ್ಕೋತೀನಿ ಭಾವ. ಗೇರು ಹಾರದ ಹಾಗೆ. ಎರಡು ತಿಂಗಳಿಂದ ಹಾಗೇ ಮಾಡ್ಕೊಂಡು ಬಂದೆ.’

‘ಎರಡು ತಿಂಗಳು! ಎಮ್ಮೆ ಕಟ್ಟಿದ ಹಾಗೆ ಗೇರು ಕಟ್ಟಿಕೊಂಡು ಎರಡು ತಿಂಗಳು ಓಡಿಸ್ದೆ. ಬಾಯಿ ಇರ್ಲಿಲ್ವಾ?’

‘ನಿಮಗೆ ಹೇಳಿದ್ದೆ. ಆವಾಗ್ಲೇ.’

‘ನನಗಾ?’

‘ನೀವು ಟೈರ್ ನೋಡ್ತಿದ್ರಿ. ಗೇರು ಹಾರುತ್ತೆ ಭಾವ ಅಂದೆ. ಹಾರಿದ್ರೆ ಹಿಡ್ಕೊ ಅಂದ್ರಿ.’

ಹಾಗೆ ಹೇಳಿದ್ದು ನೆನಪಿರಲಿಲ್ಲ, ಆದರೆ ಹಾಗೆ ಹೇಳಿರಲಾರೆ ಎನ್ನಲು ಆಗಲಿಲ್ಲ. ಮಾತಿನ ಧಾಟಿ ತನ್ನದೇ. ಇವನೋ, ಹಿಡಿದುಕೊ ಎಂದದ್ದಕ್ಕೆ ಎರಡು ತಿಂಗಳು ಹಿಡಿದುಕೊಂಡ. ಇಂಥವರಿಂದಲೇ ಲೋಕ ಹಾಳಾಗುವುದು. ಮೂರನೆಯ ಬೆರಳು, ಕ್ಲಚ್ಚು, ಅದೂ ಸರಿಯಾಗಿತ್ತು.

ರಬ್ಬರು ನೋಡುವ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬ ಮೇಲೆ ಕೂತು ಗಾಡಿಯನ್ನು ಗೇರಿನಲ್ಲಿಟ್ಟು, ಬ್ರೇಕು ಬಿಗಿ ಹಿಡಿದು, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟು ಎಂಜಿನ್ನಿಗೆ ಭಾರ ಕೊಡಬೇಕು. ಇನ್ನೊಬ್ಬ ಪಕ್ಕದಲ್ಲಿ ಬಗ್ಗಿ ಎಂಜಿನ್ನು, ಬಾಕ್ಸು ಎರಡೂ ತಮ್ಮ ಜಾಗದಿಂದ ಎಷ್ಟು ಏಳುತ್ತವೆ ಎಂದು ನೋಡಬೇಕು. ಎಣ್ಣೆ ಮತ್ತೆ ತುಂಬಿ, ಹಿಂದೆ ಮುಂದೆ ಚಕ್ರಗಳಿಗೆ ಕಲ್ಲು ಕೊಟ್ಟ. ಬಗ್ಗಿ ನೋಡಿದರೆ ಬ್ರ್ಯಾಕೆಟ್ಟು ಚಾಸಿಯ ಮರೆಗೆ ಹೋಗುತ್ತಿತ್ತು, ಸರಿಯಾಗಿ ಕಾಣಬೇಕೆಂದರೆ ಮಲಗಲೇಬೇಕು. ಹಾಗೆ ಮಲಗಬಾರದು ಎಂದು ಬೇರೆಯವರಿಗೆ ಹೇಳುತ್ತಿದ್ದ. ಮಲಗಿದ. ತಲೆಯ ಮೇಲೆ ಎಂಜಿನ್ನು ಎದ್ದಿತು. ಮೊಳ ದೂರದಲ್ಲಿ ಎದೆಯೆತ್ತರದ ಚಕ್ರ. ಈ ಹೊತ್ತಿನಲ್ಲಿ ಮೇಲಿರುವವನ ಎಡಗಾಲು ಒಂದಂಗುಲ ಜಾರಿದರೆ ಎಂದು ಒಂದು ಕ್ಷಣ ಅನಿಸಿತು. ನಿನ್ನೆ ಜನರ ಮುಂದೆ ನಗೆಗೀಡಾದವನು, ನಾಳೆ ಕೆಲಸ ಕಳೆದುಕೊಳ್ಳುವವನು, ಆ ತಂತಿ ಹೊಲಿದ ಚಪ್ಪಲಿಯ ಕಾಲು. ಭಯವಾಗಲಿಲ್ಲ. ಭಯವಾಗಲಿಲ್ಲವಲ್ಲ ಎಂಬುದೇ ಕಸಿವಿಸಿ. ಇಷ್ಟು ವರ್ಷ ಯಾರನ್ನು ಹುಳು ಎಂದುಕೊಂಡಿದ್ದನೋ ಅವನ ಕಾಲಿನ ಕೆಳಗೆ ತಾನು ತೊಟ್ಟಿಲಲ್ಲಿ ಮಲಗಿದಂತೆ ನಿಶ್ಚಿಂತನಾಗಿದ್ದ. ಲೋಕದಲ್ಲಿ ಇನ್ನು ಯಾರ ಕಾಲಿನ ಕೆಳಗೂ ಹೀಗೆ ಮಲಗಲಾರೆ ಎಂದು ಹೊಳೆದು, ಆ ಯೋಚನೆಯನ್ನು ನೊಣ ಓಡಿಸಿದಂತೆ ಓಡಿಸಿದ.

‘ಬಿಡು!’ ಎಂದು ಕೂಗಿದ.

ಕ್ಲಚ್ಚು ಕೂದಲೆಳೆಯಷ್ಟು ಬಂತು. ಲಾರಿ ಉಸಿರು ಹಿಡಿಯಿತು. ಎಡಗಡೆ, ಬಾಕ್ಸು ಕೂರುವ ಬ್ರ್ಯಾಕೆಟ್ಟಿನ ಹತ್ತಿರ, ಆ ಇಡೀ ಕಬ್ಬಿಣದ ರಾಶಿ ಮೆಲ್ಲಗೆ ಎದ್ದು ಕೂತಿತು. ಎರಡು ಬೆರಳು ತೂರುವಷ್ಟು ಸಂದು. ಏಳುವಾಗ ಗೇರು ರಾಡನ್ನೂ ಎಳೆದುಕೊಂಡು ಎದ್ದಿತು, ಮತ್ತು ಮೇಲೆ ಕ್ಯಾಬಿನ್ನಿನಲ್ಲಿ ಗೇರು ಟಕ್ ಎಂದು ಹಾರಿದ ಸದ್ದು ಕೇಳಿತು.

‘ಹಾರ್ತು ಭಾವ! ನೋಡಿದ್ರಾ? ಎದ್ದು ಕೂತ ಹಾಗಾಯ್ತಲ್ಲ?’

‘ನಿಲ್ಲಿಸು,’ ಎಂದ ಮೇಸ್ತ್ರಿ. ಎಂಜಿನ್ನು ನಿಂತ ಮೇಲೆ ಬೆಳಕು ಹಿಡಿದು ನೋಡಿದ. ಬ್ರ್ಯಾಕೆಟ್ಟಿನ ರಬ್ಬರು ತನ್ನ ತಗಡಿನಿಂದ ಬಿಟ್ಟುಕೊಂಡು ಬಾಯಿ ತೆರೆದಿತ್ತು. ತಗಡಿನ ಮೇಲೆ ಪಂಚಿನಿಂದ ಹೊಡೆದ ಚುಕ್ಕಿಗಳು. ಒಂದಲ್ಲ, ಎರಡು.

ಆ ಚುಕ್ಕಿಗಳ ಭಾಷೆ ಈ ಶೆಡ್ಡಿನವರಿಗೆ ಮಾತ್ರ ಗೊತ್ತು, ಯಾಕೆಂದರೆ ಅದು ಅವನೇ ಕಟ್ಟಿದ ಭಾಷೆ. ಒಂದು ಮಗ್ಗುಲು ಕೂತುಹೋದ ರಬ್ಬರನ್ನು ಬಿಚ್ಚಿ ಮಗುಚಿ ಹಾಕಿದರೆ ಇನ್ನೊಂದು ಮಗ್ಗುಲಲ್ಲಿ ಅರ್ಧ ವರ್ಷ ಬರುತ್ತದೆ. ಮಗುಚಿದ್ದಕ್ಕೆ ಗುರುತಾಗಿ ಒಂದು ಚುಕ್ಕಿ. ಚುಕ್ಕಿ ಇದ್ದದ್ದನ್ನು ಇನ್ನೊಮ್ಮೆ ಮಗುಚಬಾರದು. ಹೊಸ ರಬ್ಬರು ಬೀರುವಿನಲ್ಲಿ ಇಲ್ಲವೆಂದಲ್ಲ. ಪೊಟ್ಟಣ ಒಡೆದು ಹೊಸದು ಹಾಕುವುದಕ್ಕೆ ಮೇಸ್ತ್ರಿ ಯಾಕೆ ಬೇಕು, ಕತ್ತೆ ಸಾಕು ಎಂಬುದು ಅವನ ಮಾತು. ಹಳೆಯದನ್ನು ಬದುಕಿಸುವವನು ಕೆಲಸಗಾರ. ಎಂಟು ತಿಂಗಳ ಹಿಂದೆ ಇದೇ ಲಾರಿಯ ಕೆಳಗೆ ಇದೇ ರಬ್ಬರನ್ನು ಬಿಚ್ಚಿ ಚುಕ್ಕಿ ಕಂಡಾಗ, ಪಕ್ಕದಲ್ಲಿ ಬಗ್ಗಿ ಬೆಳಕು ಹಿಡಿದಿದ್ದವನು ಇವನೇ, ಭಾವಮೈದ. ‘ಇದಕ್ಕೆ ಚುಕ್ಕಿ ಇದೆ ಭಾವ, ಹೊಸದು ತರ್ಲಾ?’ ಎಂದಿದ್ದ. ಆಗ ಒಳಗೆ ಅದೇ ಹಳೆಯ ಉರಿ ಎದ್ದು, ‘ನೀನು ಸ್ಟೀರಿಂಗ್ ತಿರುಗಿಸು, ರಬ್ಬರ್ ನನಗೆ ಬಿಡು’ ಎಂದು ಅವನ ಕಣ್ಣಮುಂದೆಯೇ ಮಗುಚಿ, ಎರಡನೆಯ ಚುಕ್ಕಿಯನ್ನು ಬೇಕೆಂದೇ ಜೋರಾಗಿ ಹೊಡೆದಿದ್ದ. ಸುತ್ತಿಗೆಯ ಆ ಏಟು ಈಗಲೂ ಅಂಗೈಯಲ್ಲಿತ್ತು.

ಹಾಗಾದರೆ ಇವನಿಗೆ ಗೊತ್ತು. ನಿನ್ನೆ ಎಲ್ಲರೂ ನಗುವಾಗಲೂ ಗೊತ್ತಿತ್ತು. ಗೊತ್ತಿದ್ದೂ ಬಾಯಿಬಿಡಲಿಲ್ಲ. ಬಾಯಿಬಿಟ್ಟಿದ್ದರೆ ಬೈದು ಮುಗಿಸಬಹುದಿತ್ತು! ಮೇಸ್ತ್ರಿ ತಗಡಿನ ಮೇಲೆ ಹೆಬ್ಬೆರಳಿಟ್ಟ. ಬಾಕ್ಸಿನ ಮೈಗೆ ಅಂಟಿದ್ದ ಗ್ರೀಸು ಕೈಯಲ್ಲೇ ಇತ್ತು. ಹೆಬ್ಬೆರಳು ಒಮ್ಮೆ ಸವರಿತು, ಚುಕ್ಕಿಗಳು ತುಂಬಿಹೋದವು. ಇದನ್ನು ತಾನು ಮಾಡಿದೆ ಎಂದು ಅನಿಸಲಿಲ್ಲ, ಬೆರಳು ಮಾಡಿತು.

ಊಟಕ್ಕೆ ಕೂತರು, ಹಳೆ ಟೈರಿನ ಮೇಲೆ ಅಕ್ಕಪಕ್ಕ. ಒಂದೇ ಕೈ ಕಟ್ಟಿದ ಎರಡು ಡಬ್ಬಿ. ಭಾವಮೈದ ಮುಚ್ಚಳ ತೆಗೆದು ಮೂಸಿ, ‘ಅಕ್ಕ ನನಗೆ ಉಪ್ಪು ಕಡಿಮೆ ಹಾಕಿದ್ದಾಳೆ, ನಿಮಗೆ ಜಾಸ್ತಿ,’ ಎಂದ.

‘ತಿನ್ನದೆ ಹೇಗೆ ಗೊತ್ತಾಯ್ತು?’

‘ಚಿಕ್ಕೋನಿದ್ದಾಗ್ಲೂ ಹಾಗೇ. ಯಾರ ಮೇಲೆ ಸಿಟ್ಟೋ ಅವ್ರಿಗೆ ಉಪ್ಪು ಜಾಸ್ತಿ.’

ಮೇಸ್ತ್ರಿಯ ಬಾಯಿಯಲ್ಲಿದ್ದದ್ದು ಉಪ್ಪಾಗಿಯೇ ಇತ್ತು. ಇಪ್ಪತ್ತೆರಡು ವರ್ಷ ಅವಳ ಅಡುಗೆ ಉಂಡು ಈ ಲೆಕ್ಕ ತನಗೆ ತಿಳಿದಿರಲಿಲ್ಲ. ಅಗಿಯುವ ಸದ್ದು ಪಕ್ಕದಿಂದ ಬರುತ್ತಿತ್ತು, ಸಮಾಧಾನದ, ಹಸಿದವನ ಸದ್ದು. ನಾಳೆ ಕೆಲಸವಿಲ್ಲದವನು ಹೀಗೆ ಅಗಿಯುತ್ತಾನೆಯೇ? ತಲೆಯೊಳಗೆ ಇನ್ನೊಂದು ಯಂತ್ರ ಓಡುತ್ತಿತ್ತು. ಎರಡು ತಿಂಗಳು ಹಾರಿದ ಗೇರು. ಬಾಕ್ಸು ಇಳಿಸಿ ಬಿಚ್ಚಿದರೆ ಮೂರನೆಯದರ ಹಲ್ಲಿನ ಅಂಚು ಅಷ್ಟಿಷ್ಟು ದುಂಡಗಾಗಿರಲೇಬೇಕು. ಅದನ್ನು ಎಣ್ಣೆಯಲ್ಲಿ ತೊಳೆದು ಹೊಳಪಿಸಿ ಯಜಮಾನರ ಕೈಗೆ ಕೊಟ್ಟರೆ ಸಾಕು, ಅವರಿಗೆ ಹಲ್ಲು ಯಾವುದು ಒಸಡು ಯಾವುದು ಎಂದೇನು ತಿಳಿಯುತ್ತದೆ. ವಾಪಸು ಏರಿಸುವಾಗ ಹೊಸ ರಬ್ಬರು ಹಾಕಿದರಾಯಿತು. ಗಾಡಿ ಓಡುತ್ತದೆ, ಮೇಸ್ತ್ರಿಯ ಮಾತು ನಿಲ್ಲುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ; ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡ ಮೇಸ್ತ್ರಿಯನ್ನು ಬೆಸುಗೆಯವನು ಕೂಡ ಲೆಕ್ಕಕ್ಕಿಡುವುದಿಲ್ಲ. ಇವನಿಗೆ ಬೇರೆ ಕೆಲಸ ಸಿಗುತ್ತದೆ. ನಗುವವರಿಗೆ ಎಲ್ಲಾದರೂ ಸಿಗುತ್ತದೆ. ಆ ಹುಡುಗಿಯ ಬೂಟು ಟಪ ಟಪ ಎನ್ನುವುದು ಕಿವಿಯಲ್ಲಿ ಬಂತು. ಮಕ್ಕಳನ್ನು ಮುಂದಿಟ್ಟುಕೊಂಡು ಬದುಕುವವರನ್ನು ಕಂಡರೆ ಅವನಿಗೆ ಆಗದು, ಅದರಲ್ಲೂ ಅವರು ಹಾಗೆ ಮುಂದಿಡದೇ ಇದ್ದಾಗ.

‘ಶಾಫ್ಟ್ ಬಿಚ್ಚೋಣ,’ ಎಂದ ಡಬ್ಬಿ ಮುಚ್ಚುತ್ತ. ‘ಜಾಕು ಎಳ್ಕೊಂಡು ಬಾ. ಬಾಕ್ಸು ಇಳೀಬೇಕು.’

ಭಾವಮೈದನ ಕೈ ಒಂದು ಗಳಿಗೆ ಅನ್ನದ ಮೇಲೆ ನಿಂತಿತು. ‘ಸರಿ ಭಾವ,’ ಎಂದ.

ಶಾಫ್ಟಿನ ಎಂಟು ಬೋಲ್ಟುಗಳಲ್ಲಿ ಆರು ಬಿಚ್ಚಿದ್ದಾಗ ಕೀಲನ್ನೂ ಆಡಿಸಿ ನೋಡಿದ. ಅದರಲ್ಲಿ ಏನೂ ಆಟವಿರಲಿಲ್ಲ. ಐದು ಬೆರಳೂ ಮಡಿಸಿ ಮುಷ್ಟಿಯಾಗಿತ್ತು. ಭಾವಮೈದ ಬಾಕ್ಸಿನ ಹೊಟ್ಟೆಗೆ ಜಾಕು ಕೊಟ್ಟ. ಎಡಗಡೆಯ ಬ್ರ್ಯಾಕೆಟ್ಟಿನ ಹತ್ತಿರ ಬಗ್ಗಿದಾಗ ಅವನ ಕಣ್ಣು ಆ ತಗಡಿನ ಮೇಲೆ ಹೋಯಿತು. ಸುತ್ತಲೂ ಧೂಳು, ನಡುವೆ ಹೆಬ್ಬೆರಳಿನ ಅಗಲದ ಹಸಿ ಗ್ರೀಸಿನ ಪಟ್ಟಿ, ಅದರಲ್ಲಿ ಬೆರಳಿನ ಗೆರೆಗಳು ಕೂಡ ಸ್ಪಷ್ಟ. ಅವನು ನೋಡಿದ. ನೋಡಿದ್ದನ್ನು ಮೇಸ್ತ್ರಿ ನೋಡಿದ. ಇಬ್ಬರ ಮುಖಗಳೂ ಒಂದು ಗೇಣು ಅಂತರದಲ್ಲಿದ್ದವು. ಭಾವಮೈದ ಜಾಕಿನ ಹಿಡಿ ಒತ್ತಲು ಶುರುಮಾಡಿದ.

ಆಗ ಒಂದೇ ಪಕ್ಕ ಸವೆದ ಬೂಟುಗಳು ಬಂದು ನಿಂತವು.

‘ಇನ್ನೂ ಇಳಿದಿಲ್ವಾ ಮೇಸ್ತ್ರಿ?’

ಇಬ್ಬರೂ ಹೊರಗೆ ಬಂದರು. ಬೆಸುಗೆಯವನು ಕನ್ನಡಕ ಹಣೆಗೇರಿಸಿಕೊಂಡು ತಮಾಷೆ ನೋಡಲು ಬಂದ.

‘ಶಾಫ್ಟ್ ಬಿಚ್ಚಿದ್ದೀನಿ ಯಜಮಾನ್ರೇ. ಇನ್ನೊಂದು ಗಂಟೆ.’

‘ಹಲ್ಲೇ ಹೋಗಿರೋದು ಅಂತ ಖಾತ್ರಿ ತಾನೇ? ಗಾಡಿ ಮೂರು ದಿನ ನಿಲ್ಲುತ್ತೆ, ಅದಕ್ಕೆ ಕೇಳ್ದೆ.’

ಮೇಸ್ತ್ರಿ ಬಾಯಿ ತೆರೆದ. ಹೂಂ ಎಂದರೆ ಮುಗಿಯುತ್ತಿತ್ತು. ಗಂಟಲಿನಲ್ಲಿ ಮಧ್ಯಾಹ್ನದ ಉಪ್ಪು ಇನ್ನೂ ಇತ್ತು. ಆ ಒಂದು ಅಕ್ಷರಕ್ಕೆ ಕಾದು ಎಲ್ಲರೂ ನಿಂತಿದ್ದಾಗ, ಪಕ್ಕದಿಂದ ಭಾವಮೈದನೇ ಮಾತಾಡಿದ.

‘ನಂದೇ ತಪ್ಪು ಯಜಮಾನ್ರೇ. ಏರಲ್ಲಿ ಲಿವರ್ ಮೇಲೆ ಕೈ ಭಾರ ಬಿಟ್ಕೊಂಡೇ ಓಡಿಸ್ತಿದ್ದೆ. ಹಲ್ಲು ಸವೆದಿರುತ್ತೆ. ಭಾವ ಹೇಳಿದ್ದೇ ಸರಿ.’

ಹೇಳಿ ಮೇಸ್ತ್ರಿಯ ಕಡೆ ತಿರುಗಿದ. ಆ ನೋಟದಲ್ಲಿ ದೂರು ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ವ್ಯಂಗ್ಯ ಇದ್ದಿದ್ದರೆ ಸಂತೋಷವನ್ನೇ ಪಡುತ್ತಿದ್ದ. ಬಸ್ಸು ಹತ್ತಲಾರದ ಮುದುಕನ ಮೊಣಕೈಗೆ ಕೈ ಕೊಡುವವರು ನೋಡುತ್ತಾರಲ್ಲ, ಹಾಗಿತ್ತು ಅದು. ಹತ್ತಿ ಭಾವ, ನಾನು ಹಿಡ್ಕೊಂಡಿದ್ದೀನಿ. ಮೇಸ್ತ್ರಿಗೆ ನೆತ್ತಿಯಿಂದ ಹಿಮ್ಮಡಿಯವರೆಗೆ ಬೆಂಕಿ ಹತ್ತಿತು. ಈ ತಂತಿ ಹೊಲಿದ ಚಪ್ಪಲಿ, ಈ ಟ್ಯೂಬಿನ ಪಟ್ಟಿ, ಇದು ನನಗೆ ಭಿಕ್ಷೆ ಹಾಕುತ್ತದೆಯೇ? ನನ್ನ ತಪ್ಪನ್ನು ಹೊತ್ತುಕೊಳ್ಳುವುದಕ್ಕೆ ಇದಕ್ಕೆ ಯೋಗ್ಯತೆ ಏನು?

‘ಮುಚ್ಚೋ ಬಾಯಿ!’ ಎಂದು ಅವನು ಕಿರುಚಿದ್ದು ತಗಡಿನ ಸೂರಿಗೆ ಬಡಿದು ಬಂತು. ‘ಸವೆಸಿದ್ದಾನಂತೆ! ನಿನಗೆ ಗೇರು ಸವೆಸೋಕೂ ಬರಲ್ಲ ಕಣೋ! ಎರಡು ತಿಂಗಳು ಹಾರಿದ ಗೇರಲ್ಲಿ ಜಲ್ಲಿ ಹೊತ್ತಿದ್ದೀಯ, ಬಿರಡೆಗೆ ಒಂದು ಚೂರು ಹಿಡಿಸೋಕಾಗ್ಲಿಲ್ಲ ನಿನ್ ಕೈಲಿ. ಬಾಕ್ಸು ಚೆನ್ನಾಗಿದೆ ಯಜಮಾನ್ರೇ, ನಿಮಗಿಂತ ನನಗಿಂತ ಗಟ್ಟಿಯಾಗಿದೆ. ಹೋಗಿರೋದು ರಬ್ಬರು. ಹಾಕಿದ್ದು ನಾನು. ಎರಡು ಸಲ ಮಗುಚಿ ಹಾಕಿದ್ದು, ಬೀರುವಲ್ಲಿ ಹೊಸದು ಇಟ್ಕೊಂಡು. ಇವನು ಬೇಡ ಅಂದಿದ್ದ. ಇವನು ಬೇಡ ಅಂದ ಅಂತಲೇ ಹಾಕ್ದೆ! ಬನ್ನಿ, ತೋರಿಸ್ತೀನಿ, ಚುಕ್ಕಿ ಇದೆ. ಗ್ರೀಸು ಒರೆಸಿ ತೋರಿಸ್ತೀನಿ. ಇದನ್ನೆಲ್ಲ ತಾನು ಮಾಡ್ದೆ ಅಂತ ಹೇಳ್ಕೊಳ್ಳೋಕೆ ಇವನಿಗೇನು ಗೊತ್ತಿದೆ?’

ಅಲ್ಲಿಗೆ ಉಸಿರು ಮುಗಿಯಿತು. ಸತ್ಯ ಹೇಳಿದೆ ಎಂಬ ಹಗುರವೇನೂ ಆಗಲಿಲ್ಲ. ಜಗಳದಲ್ಲಿ ಸೋತ ಹಾಗಿತ್ತು. ಬೆಸುಗೆಯವನು ಕನ್ನಡಕ ಕೆಳಗಿಳಿಸಿಕೊಂಡ. ಯಜಮಾನರು ಒಂದು ಬೂಟಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಮೇಸ್ತ್ರಿಯನ್ನು ಮುಖ ಎತ್ತಿ, ಬೇಕಾದಷ್ಟು ಹೊತ್ತು ನೋಡಿದರು.

‘ನಿನ್ನೆ ನೀವು ಬಗ್ಗಿ ಕೂಡ ನೋಡ್ಲಿಲ್ಲ ಅಲ್ವಾ?’

‘ಇಲ್ಲ.’

‘ಇವನು ಹೇಳಿದ್ದ. ಕಾಲಡಿ ಎದ್ದು ಕೂರುತ್ತೆ ಅಂತ.’

‘ಹೇಳಿದ್ದ.’

‘ಸರಿ. ಶಾಫ್ಟ್ ವಾಪಸ್ ಕಟ್ಟಿ. ಹೊಸ ರಬ್ಬರು ಹಾಕಿ.’ ಹೊರಡಲು ತಿರುಗಿದವರು ನಿಂತರು. ‘ಇನ್ಮೇಲೆ ಯಾವ ಗಾಡಿ ಬಾಕ್ಸು ಇಳಿಸೋದಿದ್ರೂ, ಕೆಲಸ ಮುಗಿದ್ರೂ ಇನ್ನೊಬ್ಬನಿಗೆ ತೋರಿಸಿ, ಅವನು ಹೂಂ ಅನ್ಬೇಕು.’

‘ಯಾರಿಗೆ?’

‘ಯಾರಿಗೆ ಅಂದ್ರೆ? ಇವನಿಗೇ.’

ಬೂಟುಗಳು ಹೋದವು. ಬೆಸುಗೆಯವನ ಬೆನ್ನು ಅಲುಗುತ್ತಿತ್ತು, ಕೆಮ್ಮಿರಲೂಬಹುದು. ಮೇಸ್ತ್ರಿ ಬೀರು ತೆಗೆದು ಹೊಸ ರಬ್ಬರಿನ ಪೊಟ್ಟಣ ಒಡೆದ. ಅದನ್ನು ಒಡೆಯುವುದಕ್ಕೆ ಕತ್ತೆ ನಿಜವಾಗಿಯೂ ಸಾಕಾಗಿತ್ತು. ಇಬ್ಬರೂ ಕೆಳಗೆ ಮಲಗಿದರು, ಈಗ ಅಕ್ಕಪಕ್ಕ, ಭುಜಕ್ಕೆ ಭುಜ ತಾಗಿ. ಶಾಫ್ಟು ವಾಪಸ್ ಕಟ್ಟಿದ ಮೇಲೆ ಭಾವಮೈದ ಹಾರೆ ಕೊಟ್ಟು ಬಾಕ್ಸನ್ನು ಎತ್ತಿ ಹಿಡಿದ, ಮೇಸ್ತ್ರಿ ರಬ್ಬರು ಕೂರಿಸಿ ಬೋಲ್ಟು ಬಿಗಿದ. ಹಳೆ ರಬ್ಬರನ್ನು ಮೂಲೆಗೆ ಎಸೆಯುವಾಗ ಬೇಕಾದ್ದಕ್ಕಿಂತ ಜೋರಾಗಿ ಎಸೆದ. ಕೊನೆಯ ಸುತ್ತು ಬಿಗಿದು ಪಾನ ಕೆಳಗಿಟ್ಟ. ಕೆಲಸ ಮುಗಿದಿತ್ತು. ಮುಗಿದಿದೆ ಎಂದು ಹೇಳಲು ಇನ್ನು ತನ್ನೊಬ್ಬನಿಂದ ಆಗುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. ಚಾಸಿಯ ಕಡೆಗೆ ಮುಖ ಮಾಡಿಕೊಂಡೇ, ಯಾರಿಗೋ ಎಂಬಂತೆ ಹೇಳಿದ:

‘ನೋಡು. ಕೂತಿದೆಯಾ?’

ಹೂಂ ಎಂದು ಈ ಪ್ರಾಣಿ ತಕ್ಷಣ ಹೇಳುತ್ತದೆ, ಹೇಳಿ ನಗುತ್ತದೆ ಎಂದು ಕಾದ. ಭಾವಮೈದ ಹೇಳಲಿಲ್ಲ. ಬೆಳಕು ತೆಗೆದುಕೊಂಡ, ಹತ್ತಿರ ಸರಿದ, ಒಂದು ಕಣ್ಣು ಮುಚ್ಚಿ ಈ ಕಡೆಯಿಂದ ನೋಡಿದ, ತೆವಳಿಕೊಂಡು ಹೋಗಿ ಆ ಕಡೆಯಿಂದ ನೋಡಿದ, ಬ್ರ್ಯಾಕೆಟ್ಟಿನ ಅಂಚಿನುದ್ದಕ್ಕೂ ಉಗುರು ಎಳೆದ. ಅಷ್ಟು ಹೊತ್ತು ಮೇಸ್ತ್ರಿ ಅಂಗಾತ ಮಲಗಿ ಕಾಯಬೇಕಾಯಿತು. ಯಾರಿಗಾಗಿಯೂ ಅವನು ಹಾಗೆ ಕಾದದ್ದಿಲ್ಲ.

‘ಎಡಗಡೆ ಒಂದು ನೂಲು ಮೇಲಿದೆ ಭಾವ.’

‘ನಿನ್ನ ಕಣ್ಣು ಒಂದು ನೂಲು ಮೇಲಿದೆ.’

‘ಇರ್ಬಹುದು,’ ಎಂದ ಅವನು, ನಗದೆ. ಆದರೆ ಬೆಳಕನ್ನು ಅಲ್ಲಿಂದ ಕದಲಿಸಲಿಲ್ಲ.

ಮೇಸ್ತ್ರಿ ಬೆರಳಿಟ್ಟು ನೋಡಿದ. ಒಂದು ನೂಲು ಮೇಲಿತ್ತು. ಥೂ ಎಂದ, ಗಟ್ಟಿಯಾಗಿ, ಬಾಯಿಗೆ ಬಿದ್ದ ಧೂಳಿಗೆ ಎಂಬಂತೆ. ಕೈ ಚಾಚಿ ಪಾನ ಹುಡುಕಿ, ಆಗತಾನೇ ಬಿಗಿದ ಬೋಲ್ಟನ್ನು ಸಡಿಲಿಸಲು ಶುರುಮಾಡಿದ.